ಕಡೀ ಹೊಲದ ಪಾಳಿ

ಹೋದ ದೀಪಾವಳಿ ಪಾಡ್ಯದ ದಿವಸ ನಮ್ಮ ವಾಚನಾಲಯದ ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಂದಿ ಕೂತಿದ್ದೆವು. ನನ್ನ ತಮ್ಮನ ಮಗ ಪುಣೆ ಕಡೆಯಿಂದ ಹಬ್ಬಕ್ಕೆ ಬಂದಿದ್ದ. ಐಟಿಐ ಕಲಿತ ಹುಡುಗ, ಗುಡ್ಡದ ಮೇಲಿನ ವಸ್ತಿಗಳಿಗೆ ಸೋಲಾರ್ ಕೂಡಿಸುವ ಕೆಲಸ ಮಾಡ್ತಾನೆ. ಮೊಬೈಲಿನಲ್ಲಿ ಏನೇನೋ ಗೆರೆ ತೋರಿಸಿ ಒಂದು ಮಾತು ಹೇಳಿದ.

"ದೊಡ್ಡಪ್ಪಾ, ಇನ್ನ ಮ್ಯಾಲ ಯಾರ ಮನಿಗಿ ಎಷ್ಟ ಹೊತ್ತ ಕರೆಂಟ್ ಅನ್ನೂದನ್ನ ಮಷೀನೇ ಲೆಕ್ಕಾ ಹಾಕಿ ಕೊಡ್ತದ. ಮನಷ್ಯಾ ನಡುವ ಬರೂದ ಬ್ಯಾಡ. ವಶೀಲಿ ಇಲ್ಲ, ಜಗಳಾ ಇಲ್ಲ."

ಕೂತವರೆಲ್ಲ ಹೌದಪ್ಪಾ ಹೌದು ಅಂತ ತಲೆ ಆಡಿಸಿದರು. ನಾನೂ ಆಡಿಸಿದೆ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಯಾಕೆ ಹತ್ತಲಿಲ್ಲ ಅನ್ನೋದನ್ನ ಮುಂದೆ ಹೇಳ್ತೀನಿ. ಮರುದಿನ ಮುಖ್ಯ ಗುರುಗಳ ಮುಂದೆ ಬಾಯಿ ಬಿಟ್ಟೆ. ಅವರು, "ಕಾಕಾ, ಇದನ್ನೇ ಬರೀರಿ, ಈ ವರ್ಷದ ಪುಸ್ತಕದಾಗ ಹಾಕೂಣು" ಅಂದರು. ನಾನು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಏಳನೇತ್ತ ಕಲಿತವ. ಡೊಳ್ಳಿನ ಪದ ಕಟ್ಟೋದು ಬರ್ತದ. ಲೇಖನ ಅಂದರೆ ಕೈ ನಡುಗ್ತದ. ತಪ್ಪಿದ್ದರೆ ಗುರುಗಳೇ ತಿದ್ದಲಿ.

ಮೊದಲು ಆ ಹುಡುಗ ಹೇಳಿದ ಸಂಗತಿ ಏನು ಅಂತ ತಿಳಿಸಬೇಕು. ದೊಡ್ಡ ಕಂಬ, ದೊಡ್ಡ ತಂತಿ ಬಾರದ ಊರಿನಲ್ಲಿ, ಬಂದರೂ ನೆಚ್ಚಿಕೆ ಇಲ್ಲದ ಊರಿನಲ್ಲಿ, ಆ ಊರಿಗಷ್ಟೇ ಒಂದು ಸಣ್ಣ ವಿದ್ಯುತ್ ಜಾಲ ಕಟ್ಟುತ್ತಾರೆ. ಒಂದು ಕಡೆ ಸೋಲಾರ್ ಹಲಗೆ, ಒಂದು ಕೋಣೆಯಲ್ಲಿ ಬ್ಯಾಟರಿ, ಅಲ್ಲಿಂದ ಮನೆ ಮನೆಗೆ ತಂತಿ. ಇದಕ್ಕೆ ಮೈಕ್ರೋಗ್ರಿಡ್ ಅಂತ ಹೆಸರು. ನಮ್ಮ ಮಹಾರಾಷ್ಟ್ರದಲ್ಲೇ, ಪುಣೆ ಜಿಲ್ಲೆಯ ಜುನ್ನರ ತಾಲೂಕಿನ ದರೇವಾಡಿ ಅನ್ನೋ ಗುಡ್ಡದ ವಸ್ತಿಗೆ 2012ರಲ್ಲಿ ಇಂಥದ್ದು ಬಂತು. ಸುಮಾರು 40 ಮನೆ, ಹತ್ತು ಕಿಲೋವ್ಯಾಟಿಗೆ ಸ್ವಲ್ಪ ಕಡಿಮೆ ಹಲಗೆ. ಊರವರದೇ ಒಂದು ಸಮಿತಿ, ಬಿಲ್ಲನ್ನು ಅವರೇ ವಸೂಲು ಮಾಡ್ತಿದ್ದರು.

ಹತ್ತು ಕಿಲೋವ್ಯಾಟ್ ಅಂದರೆ ಎಷ್ಟು? ನಮ್ಮ ದೇಶದ ಬಿಸಿಲಿಗೆ ಒಂದು ಕಿಲೋವ್ಯಾಟ್ ಹಲಗೆಯಿಂದ ದಿನಕ್ಕೆ 4ರಿಂದ 5 ಯೂನಿಟ್ ಹುಟ್ತದ. ಹತ್ತಕ್ಕೆ 40-50 ಯೂನಿಟ್. 40 ಮನೆಗೆ ಹಂಚಿದರೆ ಮನೆಗೆ ಒಂದು ಯೂನಿಟ್ಟು. ಒಂದು ಯೂನಿಟ್ಟಿನಲ್ಲಿ 10 ವ್ಯಾಟಿನ ಬಲ್ಬು 100 ತಾಸು ಉರಿಯುತ್ತದೆ, ಆದ್ದರಿಂದ ಬೆಳಕಿಗೆ ಕೊರತೆ ಇಲ್ಲ. ಆದರೆ ಒಬ್ಬ 5 ಎಚ್‌ಪಿ ಮೋಟಾರು ಒಂದು ತಾಸು ಹಚ್ಚಿದನೋ, ನಾಲ್ಕು ಮನೆಯ ಇಡೀ ದಿವಸದ ಪಾಲು ಹೋಯಿತು. ಹಿಟ್ಟಿನ ಗಿರಣಿ ಹಾಗೇ. ಅಂದರೆ ಇದು ಕರೆಂಟಿನ ಮಾತಲ್ಲ, ಪಾಳಿಯ ಮಾತು. ಪಾಳಿ ಅಂದರೆ ಏನು ಅಂತ ಜತ್ತ ತಾಲೂಕಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಟ್ಯಾಂಕರಿನ ಮುಂದೆ ಕೊಡ ಇಟ್ಟು ಬೆಳೆದವರು ನಾವು.

ಇಲ್ಲಿ ಬರ್ತದ ಕೃತಕ ಬುದ್ಧಿ, ಹುಡುಗರು ಎಐ ಅನ್ನೋದು. ಅದು ಮೂರು ಕೆಲಸ ಮಾಡ್ತದಂತೆ. ಉಪಗ್ರಹದ ಚಿತ್ರ, ಹಿಂದಿನ ವರ್ಷಗಳ ಲೆಕ್ಕ ಎರಡನ್ನೂ ನೋಡಿ ನಾಳೆ ಮೋಡ ಎಷ್ಟು, ಬಿಸಿಲು ಎಷ್ಟು ಅಂತ ಅಂದಾಜು ಹೇಳ್ತದ. ಮನೆ ಮನೆಯ ಮೀಟರು ನೋಡಿ ಸಂಜೆ ಎಷ್ಟು ಬೇಕಾಗಬಹುದು ಅಂತ ಲೆಕ್ಕ ಕಟ್ತದ. ಆ ಎರಡನ್ನೂ ಕೂಡಿಸಿ, ಬ್ಯಾಟರಿಯಲ್ಲಿ ಎಷ್ಟು ಉಳಿಸಬೇಕು, ಗಿರಣಿ ಮಧ್ಯಾಹ್ನ ಯಾವಾಗ ಹಚ್ಚಬೇಕು, ಕಡಿಮೆ ಬಿದ್ದರೆ ಯಾರದ್ದು ಮೊದಲು ನಿಲ್ಲಿಸಬೇಕು ಅಂತ ಹೇಳ್ತದ. ಕೆಲವು ಕಡೆ ಹೇಳೋದಷ್ಟೇ ಅಲ್ಲ, ತಾನೇ ನಿಲ್ಲಿಸ್ತದ. ಬ್ಯಾಟರಿ ಕೆಡುವ ಮೊದಲೇ ಎಚ್ಚರಿಕೆ ಕೊಡ್ತದ. ಇದು ಸಣ್ಣ ಉಪಕಾರ ಅಲ್ಲ. ಆಮ್ಲದ ಬ್ಯಾಟರಿಯನ್ನ ದಿನಾ ತಳ ಕಾಣುವವರೆಗೂ ಬರಿದು ಮಾಡಿದರೆ ಅದು ಬೇಗ ಸಾಯ್ತದ. ಬ್ಯಾಟರಿ ಸತ್ತರೆ ಬಡ ವಸ್ತಿ ಹೊಸದನ್ನ ಎಲ್ಲಿಂದ ತರಬೇಕು?

ನಮ್ಮಪ್ಪ ಮೃಗಶಿರದಾಗ ಗಾಳಿ ಬೀಸುವ ದಿಕ್ಕು ನೋಡಿ ಮುಂದಿನ ಮಳೆ ಹೇಳ್ತಿದ್ದ. ಹತ್ತರಲ್ಲಿ ಐದು ಸಲ ತಪ್ತಿದ್ದ, ಆದರೂ ಅವನ ಮಾತು ಕೇಳಿಯೇ ಬಿತ್ತತಿದ್ದೆವು. ಹಾಗಾಗಿ ಮಷೀನು ಮೋಡ ಹೇಳೋದರಲ್ಲಿ ನನಗೆ ತಕರಾರಿಲ್ಲ. ಹೇಳಲಿ, ಅಪ್ಪನಿಗಿಂತ ಚಲೋ ಹೇಳಲಿ. ತಕರಾರು ಇರೋದು ಮೂರನೇ ಕೆಲಸದಲ್ಲಿ. ಯಾರದ್ದು ಮೊದಲು ನಿಲ್ಲಿಸಬೇಕು?

ಈಗ ನಿದ್ದೆ ಹತ್ತದ ಕಾರಣ ಹೇಳ್ತೀನಿ. ಇದನ್ನ ಮೂವತ್ತೈದು ವರ್ಷ ಯಾರ ಮುಂದೂ ಹೇಳಿಲ್ಲ.

ನಮ್ಮದು ಐದು ಮಂದಿ ಪಾಲಿನ ಬಾವಿ. 5 ಎಚ್‌ಪಿ ಮೋಟಾರು, ಕರೆಂಟ್ ಬರೋದು ರಾತ್ರಿ. ಪಾಳಿ ನೋಡೋ ಕೆಲಸ ನನಗೆ ಕೊಟ್ಟಿದ್ದರು. ಕೈಗಡಿಯಾರ ಇದ್ದದ್ದು ನನ್ನ ಒಬ್ಬನ ಹತ್ತಿರ. ಅದೂ ಅಲ್ಲದೆ, ದೇವರ ಪದ ಹಾಡಾಂವ ಸುಳ್ಳ ಹೇಳಾಂಗಿಲ್ಲ ಅನ್ನೋದು ಅವರ ನಂಬಿಕೆ. ಒಬ್ಬೊಬ್ಬರಿಗೆ ಒಂದೂವರೆ ತಾಸು. ಮೂರನೇ ಹೊಲ ನನ್ನ ಸೋದರಮಾವಂದು. ಅವನೇ ನನಗೆ ಹೆಣ್ಣು ಕೊಟ್ಟ ಮಾವ. ಐದನೇದು, ಕಡೀ ಹೊಲ, ಒಬ್ಬ ಅಕ್ಕನದು. ಗಂಡ ತೀರಿದ್ದ, ಎರಡು ಸಣ್ಣ ಹುಡುಗರು.

ಮಾವ ಒಂದು ರಾತ್ರಿ ಬಾವಿ ದಂಡೆಗೆ ಬಂದು, "ಅರ್ಧಾ ತಾಸು ಮ್ಯಾಲ ಬಿಡೋ, ಯಾರು ನೋಡ್ತಾರ?" ಅಂದ. ನಾನು ಬಿಟ್ಟೆ. ಮರುದಿನ ಅವನು ಕೇಳಲಿಲ್ಲ, ನಾನೇ ಬಿಟ್ಟೆ. ಎರಡು ಹಂಗಾಮು ಹೀಗೇ ನಡೀತು. ಬೆಳಗಾಗುವಷ್ಟರಲ್ಲಿ ಕರೆಂಟ್ ಹೋಗ್ತಿತ್ತು; ಕಡೀ ಪಾಳಿಯಲ್ಲಿ ಅರ್ಧ ತಾಸು ಕಡಿಮೆ ಬೀಳ್ತಿತ್ತು. "ಕರೆಂಟ್ ಲಗೂನ ಹೋತು ಅಕ್ಕಾ" ಅಂತ ನಾನು ಹೇಳ್ತಿದ್ದೆ. ಅದರ ಮೇಲೆ ಮಣ್ಣಿನ ಕಾಲುವೆ. ಕಡೀ ಹೊಲ ಮುಟ್ಟುವಷ್ಟರಲ್ಲಿ ನೀರು ದಾರಿಯಲ್ಲೇ ಇಂಗಿ ಹೋಗ್ತದ. ಹಾಗಾಗಿ ಸಮ ತಾಸು ಕೊಟ್ಟಿದ್ದರೂ ಆಕೆಗೆ ಸಮ ನೀರು ಸಿಗ್ತಿರಲಿಲ್ಲ; ನಾನು ಸಮ ತಾಸನ್ನೂ ಕೊಡಲಿಲ್ಲ. ಎರಡನೇ ವರ್ಷ ಆಕೆಯ ಗೋಧಿಯ ತುದಿ ಸಾಲುಗಳು ತೆನೆ ಕಟ್ಟುವ ಮೊದಲೇ ಒಣಗಿದವು.

ಆ ಬಾವಿ ದಂಡೆಯ ಮೇಲೆ ನನ್ನ ಬದಲು ಮಷೀನು ಕೂತಿದ್ದರೆ ಆ ಗೋಧಿ ಒಣಗ್ತಿರಲಿಲ್ಲ. ಇದನ್ನ ಒಪ್ಪಲೇಬೇಕು. ಮಷೀನಿಗೆ ಮಾವ ಇಲ್ಲ. ಅದು ಯಾರ ಮನೆಯ ಹೋಳಿಗೆಯನ್ನೂ ಉಂಡಿಲ್ಲ. ದೀಪಾವಳಿ ರಾತ್ರಿ ನನ್ನ ಕಣ್ಣ ಮುಂದೆ ಬಂದದ್ದು ಆ ಒಣಗಿದ ಸಾಲು.

ಆದರೆ ಅದೇ ಬಾವಿಯ ಇನ್ನೊಂದು ರಾತ್ರಿಯೂ ಇದೆ. ಆಗೆಲ್ಲ ನಮ್ಮ ಮೋಟಾರು ಚಾಲೂ ಆದರೆ ವಸ್ತಿಯ ಬಲ್ಬು ಕೆಂಡದ ಹಾಗೆ ಕೆಂಪಗಾಗ್ತಿದ್ದವು. ಎರಡನೇ ಪಾಳಿ ನಡೆದಾಗ ಒಬ್ಬ ಹುಡುಗ ಓಡಿ ಬಂದ: ಒಂದು ಮನೆಯಲ್ಲಿ ಹೆರಿಗೆ ಬೇನೆ, ಸೂಲಗಿತ್ತಿಗೆ ಏನೂ ಕಾಣವಲ್ದು. ನಾನು ಮೋಟಾರು ಆರಿಸಿದೆ. ಯಾರನ್ನೂ ಕೇಳಲಿಲ್ಲ. ಎರಡು ತಾಸು ನೀರಿಲ್ಲ. ಯಾರ ಪಾಳಿ ಹೋಗಿತ್ತೋ ಆ ಕಾಕಾ ಬೆಳಗ್ಗೆ ಬಾವಿಗೆ ಬಂದು ನನ್ನ ಹಿರಿಯರನ್ನೆಲ್ಲ ಹೆಸರಿಟ್ಟು ಬೈದ. "ಯಾರ ಅಪ್ಪಂದ ಅಂತ ಬಂದ ಮಾಡಿದಿ?" ಅಂದ. ನಾನು ನಿಂತು ಬೈಸಿಕೊಂಡೆ. ಹದಿಮೂರನೇ ದಿನಕ್ಕೆ ತೊಟ್ಟಿಲ ಶಾಸ್ತ್ರಕ್ಕೆ ಅದೇ ಕಾಕಾ ಬಂದು ಉಂಡು ಹೋದ. ಅವನ ಪಾಳಿಯನ್ನ ಮುಂದಿನ ಅಮಾವಾಸ್ಯೆಯೊಳಗೆ ತುಂಬಿ ಕೊಟ್ಟೆ.

ಮಷೀನಿಗೆ ಹೆರಿಗೆ ಗೊತ್ತಾಗೋದಿಲ್ಲ ಅಂತ ನಾನು ವಾದ ಮಾಡೋದಿಲ್ಲ. ತಮ್ಮನ ಮಗ ಅಂತಾನೆ, ದವಾಖಾನೆಗೆ, ಹೆರಿಗೆ ಮನೆಗೆ ಮೊದಲ ಪಾಳಿ ಅಂತ ಅದಕ್ಕೆ ಮೊದಲೇ ಬರೆದು ಕೊಡಬಹುದು. ಕೊಡಲಿ. ನನ್ನ ಪ್ರಶ್ನೆ ಬೇರೆ. ನಾನು ಮೋಟಾರು ಆರಿಸಿದಾಗ ಬೈಯಲಿಕ್ಕೆ ಆ ಕಾಕಾನಿಗೆ ಒಂದು ಮುಖ ಇತ್ತು. ಅವನು ಬೈದ, ನಾನು ಉತ್ತರ ಕೊಟ್ಟೆ, ನೀರು ತುಂಬಿ ಕೊಟ್ಟೆ. ಮಷೀನು ಆರಿಸಿದರೆ ಬೆಳಗ್ಗೆ ಯಾರ ಬಾಗಿಲಿಗೆ ಹೋಗಬೇಕು? "ಸಿಸ್ಟಮ್ ಹಾಗೆ ತೋರಿಸ್ತದ" ಅನ್ನೋ ಮಾತನ್ನ ನಾವೆಲ್ಲ ಕೌಂಟರಿನ ಮುಂದೆ ಕೇಳಿದ್ದೇವೆ. ಒಂದು ಸಲ ನನ್ನ ಬೆಳೆವಿಮೆಯ ಅರ್ಜಿಯಲ್ಲಿ ಊರಿನ ಹೆಸರು ತಪ್ಪಾಗಿ ಬಿದ್ದಿತ್ತು. ಎಂಟು ಸಲ ಹೋದೆ. ಕೂತವರೆಲ್ಲ ಒಳ್ಳೆಯ ಹುಡುಗರೇ, ಯಾರೂ ಒರಟು ಮಾತಾಡಲಿಲ್ಲ. ಆದರೆ ತಪ್ಪು ಯಾರದ್ದೂ ಅಲ್ಲ ಅಂತಾಯಿತು. ತಪ್ಪು ಯಾರದ್ದೂ ಅಲ್ಲ ಅಂದಮೇಲೆ ತಿದ್ದೋದೂ ಯಾರಿಂದಲೂ ಆಗಲಿಲ್ಲ.

ಡೊಳ್ಳಿನ ಮೇಳದಲ್ಲಿ ರಾತ್ರಿಯಿಡೀ ಹರದೇಶಿ-ನಾಗೇಶಿ ಸವಾಲು ನಡೀತದ. ಸವಾಲು ಹಾಕೋದು ಸುಲಭ, ಜವಾಬು ಕಟ್ಟೋದು ಕಷ್ಟ. ನನ್ನ ಸವಾಲಿಗೆ ಆ ಹುಡುಗ ಒಂದು ಜವಾಬು ಕೊಟ್ಟ. "ದೊಡ್ಡಪ್ಪಾ, ಮಷೀನಿಗಿ ಜಾತಿ ಗೊತ್ತಿಲ್ಲ, ಬಡವ ಶ್ರೀಮಂತ ಗೊತ್ತಿಲ್ಲ. ಅದು ಹಿಂದಿಂದು ನೋಡಿ ಕಲೀತದ, ಅಷ್ಟ." ಅವನು ಸಹಜವಾಗಿ ಹೇಳಿದ. ನನಗೆ ಅಲ್ಲೇ ಗಂಟು ಕಂಡಿತು. ಹಿಂದಿಂದು ನೋಡಿ ಕಲೀತದ!

ಹಿಂದಿಂದು ಏನಿತ್ತು? ಊರಿಗೆ ಕಂಬ ಬಂದ ಎಷ್ಟೋ ವರ್ಷದ ಮೇಲೆ ಊರ ಹೊರಗಿನ ಕೇರಿಗೆ ಕಂಬ ಬಂತು. ಅಲ್ಲಿಯವರು ಎಷ್ಟು ಕರೆಂಟ್ ಉರಿಸಿದರು ಅಂತ ಮೀಟರ್ ನೋಡಿದರೆ ಕಡಿಮೆಯೇ ಕಾಣ್ತದ. ಈಗ ಇಂಥ ಸಣ್ಣ ಜಾಲದಲ್ಲಿ ಬಹಳ ಕಡೆ ಮೊದಲೇ ರೊಕ್ಕ ತುಂಬುವ ಮೀಟರು, ಮೊಬೈಲಿಗೆ ತುಂಬಿದ ಹಾಗೆ. ಒಬ್ಬ ಬಡ ಹೆಣ್ಣುಮಗಳು ರೊಕ್ಕ ಉಳಿಸಲಿಕ್ಕೆ ಏಳು ಗಂಟೆಗೇ ದೀಪ ಆರಿಸಿ ಕತ್ತಲಲ್ಲಿ ಕೂರ್ತಾಳೆ ಅಂತಿಟ್ಟುಕೊಳ್ಳಿ. ಮಷೀನು ಅದನ್ನ ನೋಡಿ ಏನು ಕಲೀತದ? ಈ ಮನೆಗೆ ಏಳರ ಮೇಲೆ ಕರೆಂಟ್ ಬೇಕಿಲ್ಲ ಅಂತ. ಕಡಿಮೆ ಬಿದ್ದ ದಿನ ಅವಳದ್ದನ್ನೇ ಮೊದಲು ಆರಿಸಿದರೆ ಲೆಕ್ಕಕ್ಕೆ ಅದು ಸರಿಯೇ. ಅವಳ ಬಡತನವೇ ಅವಳ ಅಳತೆ ಆಯಿತು. ಅವಳು ಕತ್ತಲಲ್ಲಿ ಕೂತದ್ದು ಮೀಟರಿನಲ್ಲಿ ಬರೋದಿಲ್ಲ, ಉರಿಸದೇ ಇದ್ದದ್ದಷ್ಟೇ ಬರ್ತದ.

1972ರ ಬರದಲ್ಲಿ ನಾನು ಹನ್ನೆರಡು ವರ್ಷದವ. ಖಡಿ ಒಡೆಯುವ ಕೆಲಸದ ಮೇಲೆ ಅವ್ವನ ಜೊತೆ ಹೋಗ್ತಿದ್ದೆ, ಅಲ್ಲಿ ಸುಕಡಿ ಕೊಡ್ತಿದ್ದರು. ಅವ್ವ ಸಂಕೋಚದವಳು, ಸೆರಗು ಸಣ್ಣಗೆ ಹಿಡೀತಿದ್ದಳು. ಕೊಡುವವ ನಾಲ್ಕು ದಿನ ನೋಡಿ, ಈ ಅವ್ವಗ ಇಷ್ಟು ಸಾಕು ಅಂತ ಸಣ್ಣ ಅಳತೆಯಲ್ಲೇ ಹಾಕಲಿಕ್ಕೆ ಶುರು ಮಾಡಿದ. ಅವನೇನು ಕೆಟ್ಟವನಲ್ಲ. ಹಿಂದಿಂದು ನೋಡಿ ಕಲಿತಿದ್ದ.

ಅದೇ ಬರದ ಮೇಲೆ, ಪುಣೆ ಜಿಲ್ಲೆಯ ಪುರಂದರ ತಾಲೂಕಿನಲ್ಲಿ ವಿಲಾಸರಾವ್ ಸಾಳುಂಖೆ ಅನ್ನೋ ಇಂಜಿನಿಯರು ನಾಯಗಾಂವದಿಂದ ಪಾಣಿ ಪಂಚಾಯತ ಶುರು ಮಾಡಿದರು. ಅವರ ಲೆಕ್ಕ ಬೇರೆ. ನೀರು ಹೊಲದ ಅಳತೆಗಲ್ಲ, ಮನುಷ್ಯರ ತಲೆಯ ಎಣಿಕೆಗೆ. ತಲೆಗೆ ಅರ್ಧ ಎಕರೆಗೆ ಸಾಲುವ ನೀರು, ಒಂದು ಮನೆಗೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಹೊಲ ಇಲ್ಲದ ಕೂಲಿಯವನಿಗೂ ಪಾಲು. ಕಬ್ಬು ಹಚ್ಚುವ ಹಾಗಿಲ್ಲ. ಹಿಂದೆ ಯಾರು ಎಷ್ಟು ನೀರು ಬಳಸಿದ್ದರು ಅಂತ ಅವರು ನೋಡಲೇ ಇಲ್ಲ. ನೋಡಿದ್ದರೆ ಹೊಲ ಇಲ್ಲದವನ ಲೆಕ್ಕ ಸೊನ್ನೆ ಬರ್ತಿತ್ತು. ಈ ನಿಯಮ ಯಾವ ಮಷೀನೂ ತಾನಾಗಿ ಮಾಡೋದಿಲ್ಲ. ಮಂದಿ ಕೂತು ಜಗಳಾಡಿ ಮಾಡಬೇಕು. ಮಾಡಿದ ಮೇಲೆ ಅದನ್ನ ಪ್ರಾಮಾಣಿಕವಾಗಿ ನಡೆಸೋದಕ್ಕೆ ಮಾತ್ರ, ನನ್ನಂಥ ಪಾಳಿಗಾರನಿಗಿಂತ ಮಷೀನು ಸಾವಿರ ಪಾಲು ಮೇಲು.

ಜಗಳ ಇಲ್ಲದೆ ಕೊಟ್ಟದ್ದು ಏನಾಗ್ತದ ಅಂತ ಬಿಹಾರದ ಧರಣಾಯಿ ಊರಿನ ಕಥೆಯಲ್ಲಿದೆ. ಜೆಹಾನಾಬಾದ್ ಜಿಲ್ಲೆಯ ಊರು, ಮೂವತ್ತು ವರ್ಷ ಕತ್ತಲೆಯಲ್ಲಿತ್ತು. 2014ರಲ್ಲಿ ಒಂದು ಪರಿಸರ ಸಂಸ್ಥೆ 100 ಕಿಲೋವ್ಯಾಟಿನ ಸೋಲಾರ್ ಜಾಲ ಕೂಡಿಸಿತು, ದೇಶಕ್ಕೆಲ್ಲ ಸುದ್ದಿಯಾಯಿತು. ಮಾಜಿ ಮುಖ್ಯಮಂತ್ರಿ ಬಂದಾಗ ಊರವರು ಏನು ಕೇಳಿದರು ಗೊತ್ತೇ? ನಮಗೆ ಅಸಲಿ ಬಿಜಲಿ ಬೇಕು, ನಕಲಿ ಬೇಡ ಅಂದರು! ಸೋಲಾರಿನಿಂದ ಬಲ್ಬು, ಫ್ಯಾನು ನಡೀತಿದ್ದವು. ಫ್ರಿಜ್ಜು ಹಚ್ಚಬೇಡಿ, ಅದು ಹಚ್ಚಬೇಡಿ, ಇದು ಹಚ್ಚಬೇಡಿ ಅಂತಿತ್ತು. ದರವೂ ಹೆಚ್ಚು. ಮುಂದೆ ಸರಕಾರಿ ತಂತಿ ಬಂತು, ಅದು ಅಗ್ಗ. ಕೆಲವೇ ವರ್ಷದಲ್ಲಿ ಬ್ಯಾಟರಿ ಕೆಟ್ಟವು, ಯಾರೂ ತಿದ್ದಲಿಲ್ಲ. ಆ ಜಾಗದಲ್ಲಿ ಈಗ ದನ ಕಟ್ಟುತ್ತಾರೆ ಅಂತ ಪತ್ರಿಕೆಯಲ್ಲಿ ಬಂತು. ಎಐ ಇದ್ದಿದ್ದರೆ ಬ್ಯಾಟರಿ ಇನ್ನೂ ನಾಲ್ಕು ವರ್ಷ ಬಾಳ್ತಿತ್ತೋ ಏನೋ. ಆದರೆ ನಕಲಿ ಅಂದ ಮಂದಿಯ ಮನಸ್ಸಿಗೆ ಅದು ಉತ್ತರವಲ್ಲ. ಪಟ್ಟಣದವನಿಗೆ ಇಲ್ಲದ ಪಾಳಿ ನಮಗೆ ಯಾಕೆ ಅಂತ ಅವರು ಕೇಳಿದ್ದು. ಆ ಪ್ರಶ್ನೆ ನ್ಯಾಯದ್ದು. ನಮ್ಮ ತಾಲೂಕಿನ ಪೂರ್ವ ಭಾಗದವರು ಎರಡು ರಾಜ್ಯದ ನೀರಿನ ನಡುವೆ ನಿಂತು ಎಷ್ಟು ವರ್ಷದಿಂದ ಅದನ್ನೇ ಕೇಳ್ತಿಲ್ಲ?

ಇನ್ನೊಂದು ಸಂಗತಿ ಸಣ್ಣದು, ಆದರೆ ಮನಸ್ಸಿನಿಂದ ಹೋಗವಲ್ದು. ಬಾಂಗ್ಲಾದೇಶದಲ್ಲಿ 40 ಲಕ್ಷಕ್ಕೂ ಮಿಕ್ಕಿ ಮನೆಗಳ ಮೇಲೆ ಸೋಲಾರ್ ಹಲಗೆ ಕೂಡಿಸಿದ್ದಾರೆ. ಅಲ್ಲಿ ಸೋಲ್‌ಶೇರ್ ಅನ್ನೋ ಕಂಪನಿ ಒಂದು ಪೆಟ್ಟಿಗೆ ಮಾಡಿದೆ. ನಿಮ್ಮ ಮನೆಯಲ್ಲಿ ಹೆಚ್ಚಾದ ಕರೆಂಟನ್ನ ಆ ಪೆಟ್ಟಿಗೆ ನೆರೆಮನೆಗೆ ಮಾರ್ತದ, ರೊಕ್ಕ ಫೋನಿನಲ್ಲಿ ಜಮಾ ಆಗ್ತದ. ಕೇಳಿ ಮೊದಲು ಖುಷಿಯಾಯಿತು, ಸಂಜೆಗೆ ಸ್ವಲ್ಪ ಕಸಿವಿಸಿ ಆಯಿತು. ನಮ್ಮ ಕಡೆ ಹಾಲು ಮಾರ್ತಿದ್ದೆವು, ಮಜ್ಜಿಗೆ ಮಾರ್ತಿರಲಿಲ್ಲ. ಮಜ್ಜಿಗೆ ಕೇಳಿ ಬಂದವರ ತಂಬಿಗೆ ತುಂಬಿ ಕಳಿಸ್ತಿದ್ದೆವು. ಬ್ಯಾಟರಿ ತುಂಬಿದ ಮೇಲೆ ಹೆಚ್ಚಾದ ಬಿಸಿಲು ಮಜ್ಜಿಗೆಯೋ ಹಾಲೋ? ಇದನ್ನ ನನ್ನ ಹೆಂಡತಿಗೆ ಕೇಳಿದೆ. "ಮಜ್ಜಿಗಿ ಒಯ್ದಾವ್ರು ಮರುದಿನ ನಮ್ಮ ಮುಂದ ತಲಿ ತಗ್ಗಿಸಿ ಹೋಗ್ತಿದ್ರು, ಅದನ್ನ ನೋಡಿರೇನು? ರೊಕ್ಕಾ ಕೊಟ್ಟಾಂವ ತಲಿ ಎತ್ತಿ ಹೋಗ್ತಾನ" ಅಂದಳು. ಮಾವನ ಮಗಳು, ಸುಮ್ಮನೆ ಬಿಡುವವಳಲ್ಲ. ನಾನು ಇನ್ನೂ ಯೋಚನೆ ಮಾಡ್ತಿದ್ದೇನೆ.

ದೀಪಾವಳಿ ಆಗಿ ತಿಂಗಳಿಗೆ ಛಟ್ಟಿ ಅಮಾವಾಸ್ಯೆ, ಗುಡ್ಡಾಪುರ ದಾನಮ್ಮನ ಜಾತ್ರೆ. ದಾಸೋಹದ ಪಂಕ್ತಿಯಲ್ಲಿ ಕೂತಿದ್ದೆ. ಹೊರಳಿ ನೋಡಿದರೆ ಎರಡು ಎಲೆ ಆಚೆ ಕಡೀ ಹೊಲದ ಅಕ್ಕ. ಹಲ್ಲು ಹೋಗಿವೆ, ಕಣ್ಣು ಇನ್ನೂ ಚುರುಕು. ಊಟ ಆದ ಮೇಲೆ ಗಿಡದ ನೆರಳಿಗೆ ಕರೆದುಕೊಂಡು ಹೋಗಿ ಹೇಳಿಬಿಟ್ಟೆ. ಅರ್ಧ ತಾಸು, ಮಾವ, ಕರೆಂಟ್ ಹೋತು ಅಂದ ಸುಳ್ಳು, ಎಲ್ಲಾ.

ಆಕೆ ನಕ್ಕಳು. "ಗೊತ್ತಿತ್ತೋ ತಮ್ಮಾ" ಅಂದಳು.

"ಹೆಂಗ?"

"ನನ್ನಲ್ಲೇನ ಗಡಿಯಾರ ಇತ್ತು? ಸಾಲ ಎಣಸತಿದ್ದೆ. ಮೊದಲ ಹದಿನಾಲ್ಕ ಸಾಲ ತೋಯ್ತಿದ್ದವು, ಆಮ್ಯಾಲ ಹತ್ತಕ್ಕ ಬಂತು. ಕರೆಂಟ್ ದಿನಾ ಒಂದ ಹೊತ್ತಿಗಿ ಲಗೂನ ಹೋಗತದೇನು?"

"ಮತ್ತ ಯಾಕ ಕೇಳಲಿಲ್ಲ ಅಕ್ಕಾ?"

"ಕೇಳಿದ್ರ ಮರುದಿನ ಅದ ಬಾವಿಗೆ ಬರಬೇಕಲ್ಲ ನಾ."

ನನಗೆ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಬಾಯಿಗೆ ಬೇರೇನೂ ಬಾರದೆ, ಮಷೀನಿನ ವಿಷಯ ತೆಗೆದೆ. ತಮ್ಮನ ಮಗ ಹೇಳಿದ್ದನ್ನೆಲ್ಲ ಹೇಳಿದೆ. ಆಕೆ ಕೇಳಿಸಿಕೊಂಡು, "ಅದು ಎಷ್ಟ ಕೊಟ್ಟತಿ, ಎಷ್ಟ ಕಡದೈತಿ ಅಂತ ನನಗ ತಿಳಿಯೂ ಹಂಗ ಹೇಳತದೇನು? ನನ್ನಂಗ ಓದಾಕ ಬಾರದಾಕಿಗಿ?" ಅಂದಳು.

ಗೊತ್ತಿಲ್ಲ, ಹುಡುಗನನ್ನ ಕೇಳಿ ಹೇಳ್ತೀನಿ ಅಂದೆ. ಫೋನು ಮಾಡಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಪರದೆಯ ಮೇಲೆ ಅಂಕಿ ಬರ್ತಾವ ದೊಡ್ಡಪ್ಪಾ, ಇಂಗ್ಲಿಷಿನಲ್ಲಿ ಅಂದ. ಕನ್ನಡದಲ್ಲಿ, ಮರಾಠಿಯಲ್ಲಿ ಬಾಯಿಂದ ಹೇಳಿಸಲಿಕ್ಕೆ ಬರ್ತದೇನು ಅಂದೆ. ಬರ್ತದ, ಯಾರೂ ಕೇಳಿಲ್ಲ ಅಂದ.

ಅಷ್ಟರಲ್ಲಿ ನಮ್ಮ ಮೇಳದವರು ಡೊಳ್ಳು ಕಾಯಿಸಿ ಕರೀಲಿಕ್ಕೆ ಹತ್ತಿದ್ದರು. ಅಕ್ಕ ಸೆರಗು ಕೊಡವಿ ಎದ್ದು, "ಹೋಗ, ಹಾಡ. ಈ ಸಲಾ ಮೈಕ್ ದೊಡ್ಡದು ಮಾಡಬ್ಯಾಡ್ರಿ, ಕಿವಿ ಹರೀತಾವ" ಅಂದಳು. ಮುಂದಿನ ಸಾಲಿನಲ್ಲೇ ಬಂದು ಕೂತಳು.